ನಾಲ್ಕನೇ ಮಹಡಿಯ ಕೆಳಗಿನಕ್ಕ

ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಬೇಕೆಂದರೆ ಇಡೀ ಸಂಸಾರ ಸೇರುತ್ತದೆ. ಎತ್ತುವವರು ಇಬ್ಬರಾದರೆ ಹೇಳುವವರು ಮನೆ ತುಂಬ. ದೊಡ್ಡಪ್ಪ ಕುರ್ಚಿ ಬಿಟ್ಟು ಏಳದೆ ಎಡಕ್ಕೆ ಅನ್ನುತ್ತಾರೆ. ಅತ್ತೆ ಅಡುಗೆಮನೆಯಲ್ಲಿದ್ದುಕೊಂಡು, ಬೀರು ಕಣ್ಣಿಗೆ ಬೀಳದಿದ್ದರೂ, ಬಲಕ್ಕೆ ಅನ್ನುತ್ತಾರೆ. ಅಜ್ಜಿ ಕಾಲು ಕಾಲು ಎಂದು ಕೂಗುತ್ತಾರೆ, ಯಾರ ಕಾಲು ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ. ಇಂಥ ಮನೆಯಲ್ಲಿ ಬೆಳೆದು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ನಾನು, ಮಣ್ಣಿನ ವಿಷಯ ಓದಲೆಂದು ಹೊರದೇಶಕ್ಕೆ ಹೋದೆ. ಹೋದ ಮೊದಲ ವಾರದಲ್ಲೇ ಅಲ್ಲಿನವರ ಗೋಡೆ ಕೆಡಿಸಿದೆ.

ನನಗೆ ಸಿಕ್ಕಿದ ಬಾಡಿಗೆ ಕೋಣೆ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಮೆಟ್ಟಿಲೋ, ಒಬ್ಬರು ಇಳಿದು ಬಂದರೆ ಹತ್ತುವವರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ಹಳೇ ಸಾಮಾನಿನ ಅಂಗಡಿಯಲ್ಲಿ ನಾನು ಕೊಂಡ ಓದುವ ಮೇಜನ್ನು ಮೇಲಕ್ಕೆ ತರಲು ಮನೆಯೊಡತಿ ಇಬ್ಬರನ್ನು ಕಳಿಸಿದ್ದರು. ಮನೆ ಸಾಮಾನು ಸಾಗಿಸುವುದೇ ಅವರ ಕಸುಬು. ಮೇಜಿನ ಕೆಳತುದಿ ಹಿಡಿದವನಿಗೆ ಉದ್ದ ಕತ್ತು, ಅವನನ್ನು ಎಲ್ಲರೂ ಒಂಟೆ ಅನ್ನುತ್ತಿದ್ದರು. ಮೇಲ್ತುದಿ ಹಿಡಿದವನು ಗಿಡ್ಡಣ್ಣ. ಇವೆಲ್ಲ ಅವರ ಭಾಷೆಯ ಅಡ್ಡಹೆಸರುಗಳು, ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ. ಅವರ ಮಾತುಕತೆಯನ್ನೂ ಹಾಗೆಯೇ.

ಇಬ್ಬರೂ ಏನು ಮೌನ ಅಂತೀರಿ! ಒಂಟೆ ಮಾತ್ರ ಆಗೊಮ್ಮೆ ಈಗೊಮ್ಮೆ ಒಂದು ಪದ ಬಿಡುತ್ತಿದ್ದ. ನಡಿ. ನಿಲ್ಲು. ಓರೆ ಮಾಡು. ಗಿಡ್ಡಣ್ಣನ ಬಾಯಿಗೆ ಬೀಗ. ಹಿಂದೆ ಬರುತ್ತಿದ್ದ ನನಗೆ ಈ ಶಾಂತಿ ತಡೆಯಲಾಗಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಮೇಜಿನ ಕಾಲು ಗೋಡೆಯ ಹತ್ತಿರ ಹೋದದ್ದು ಕಂಡಿತು. ಸರಿ, ದೊಡ್ಡಪ್ಪ, ಅತ್ತೆ, ಅಜ್ಜಿ ಮೂವರೂ ನನ್ನ ಗಂಟಲಲ್ಲಿ ಎದ್ದು ಬಂದರು. ಬಲಕ್ಕೆ, ಬಲಕ್ಕೆ ಎಂದು ಕಿರುಚಿದೆ. ಒಂಟೆ ಆಗಷ್ಟೇ ಎಡಕ್ಕೆ ಅಂದಿದ್ದ. ಗಿಡ್ಡಣ್ಣ ಕಕ್ಕಾಬಿಕ್ಕಿಯಾಗಿ ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ ತಿರುಗಿದ. ಮೇಜು ಗೋಡೆಗೆ ಬಡಿದು ಅಂಗೈಯಗಲದ ಗಾರೆ ಕಿತ್ತು ನನ್ನ ಪಾದದ ಮೇಲೆಯೇ ಬಿತ್ತು.

ಆಗ ಮೇಲಿನಿಂದ ಒಂದು ದನಿ ಇಳಿದು ಬಂತು. ಗಡಸು, ಆದರೆ ಜೋರಿಲ್ಲ.

"ಹೊತ್ತವರು ಇಬ್ಬರು. ಮೂರನೇ ಬಾಯಿ ಯಾರದು?"

ತಲೆ ಎತ್ತಿ ನೋಡಿದೆ. ನಾಲ್ಕನೇ ಮಹಡಿಯ ಕಟಕಟೆಯ ಆಚೆ, ನಡೆಯಲು ಆಸರೆಯಾಗುವ ಕಬ್ಬಿಣದ ಚೌಕಟ್ಟು ಹಿಡಿದು, ಬಾಗಿಲಗಲದ ಒಬ್ಬ ಹೆಂಗಸು ನಿಂತಿದ್ದರು. ನನ್ನ ಮನೆಯೊಡತಿ. ಅವರ ಹೆಸರು ಕೆಳಗಿನಕ್ಕ.

ನಾಲ್ಕನೇ ಮಹಡಿಯಲ್ಲಿರುವವರಿಗೆ ಕೆಳಗಿನಕ್ಕ ಅನ್ನುವ ಹೆಸರು ಯಾಕೆ ಎಂದು ನಾನು ಮೊದಲು ನಕ್ಕಿದ್ದೆ. ಒಂಟೆ ವಿವರಿಸಿದ. ಅಕ್ಕ ಬದುಕೆಲ್ಲ ಇದೇ ಸಾಮಾನು ಹೊರುವ ಕೆಲಸ ಮಾಡಿದವರು. ಅಪ್ಪನಿಂದ ಬಂದ ಕಸುಬು, ಗಂಡುಮಕ್ಕಳಿರಲಿಲ್ಲ, ದೊಡ್ಡ ಮಗಳು ಹೆಗಲಿಗೆ ಭಾರ ಹೊರುವ ತೊಗಲಿನ ಪಟ್ಟಿ ಹಾಕಿಕೊಂಡಳು. ಆಮೇಲೆ ಮದುವೆಯಾಯಿತು, ಗಂಡನೂ ಇದೇ ಕೆಲಸಕ್ಕೆ ಬಂದ. ಗಂಡ ಯಾವಾಗಲೂ ಮೇಲಿನ ತುದಿ, ಇವರು ಕೆಳಗಿನ ತುದಿ. ಮೆಟ್ಟಿಲ ಮೇಲೆ ಭಾರವೆಲ್ಲ ಜಾರಿ ಬರುವುದು ಕೆಳಗಿದ್ದವರ ಮೇಲೆಯೇ. ಅದಕ್ಕೇ ಈ ಕಸುಬಿನಲ್ಲಿ ಒಂದು ಕಟ್ಟಳೆ ಉಂಟು. ಕೆಳಗೆ ನಿಂತವರದೇ ಮಾತು. ಮಿಕ್ಕವರು ಏನಾದರೂ ಕಂಡರೆ ಬೆರಳಿನಿಂದ ಸಾಮಾನನ್ನು ತಟ್ಟಬಹುದು, ಬಾಯಿ ತೆಗೆಯುವ ಹಾಗಿಲ್ಲ. ಕೆಳಗಿನ ಜಾಗ ಕೈ ಬದಲಾದರೆ ಬಂದವರು "ಮಾತು ನಂದು" ಅನ್ನಬೇಕು, ಮಿಕ್ಕವರು "ನಿಂದು" ಎಂದು ಒಪ್ಪಬೇಕು. ಅಲ್ಲಿಯ ತನಕ ಯಾರೂ ಒಂದು ಹೆಜ್ಜೆ ಕಿತ್ತಿಡುವುದಿಲ್ಲ.

ಒಂಟೆ ಅಕ್ಕನ ಕೈಯಲ್ಲೇ ಪಳಗಿದವನು. ಅವರ ಬಗ್ಗೆ ಹೇಳುವಾಗ ಅವನ ದನಿಯೇ ತಗ್ಗುತ್ತಿತ್ತು. ಒಮ್ಮೆ ಒಂದು ದೊಡ್ಡ ಪಿಯಾನೊ ಇಳಿಸುವಾಗ ಮೇಲಿನವರ ಪಟ್ಟಿ ಹರಿಯಿತಂತೆ. ಇಡೀ ಪಿಯಾನೊ ಅಕ್ಕನ ಮೇಲೆ ಬಂತು. ಅಕ್ಕ ಬೆನ್ನನ್ನು ಗೋಡೆಗೆ ಕೊಟ್ಟು, ಸೊಂಟದಿಂದ ಅದನ್ನು ತಡೆದು ನಿಂತರು. ಕಿರುಚಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿದರು: ನೀನು ಹಗ್ಗ ತಾ, ನೀನು ಕೆಳಗಿನ ಮಕ್ಕಳನ್ನ ಒಳಗೆ ಕಳಿಸು, ನೀನು ಅಳಬೇಡ. ಕೊನೆಯದು ಒಂಟೆಗೆ ಹೇಳಿದ್ದು, ಆಗ ಅವನು ಹೊಸಬ. ಪಿಯಾನೊಗೆ ಒಂದು ಗೀರೂ ಬೀಳಲಿಲ್ಲ. ಅಕ್ಕನ ಸೊಂಟ ಮಾತ್ರ ಅವತ್ತಿನಿಂದ ಸವೆಯುತ್ತ ಬಂದು, ಗಂಡ ತೀರಿಕೊಂಡ ಮೇಲೆ ಪೂರ್ತಿ ಕೈಕೊಟ್ಟಿತು. ಈಗ ಕೋಣೆಯಿಂದ ಕೋಣೆಗೆ ಚೌಕಟ್ಟು ಹಿಡಿದು ನಡೆಯಬಲ್ಲರು, ಮೆಟ್ಟಿಲು ಒಂದೂ ಆಗದು. ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವರು ಕೆಳಗಿಳಿದು ನೆಲ ಮುಟ್ಟಿ ಎರಡು ವರ್ಷ ದಾಟಿತ್ತು.

ಅಷ್ಟು ದೊಡ್ಡ ಜೀವ ನನಗೆ ಬೆಳಿಗ್ಗೆ ಟೀ ಸೋಸಿಕೊಟ್ಟು, ನಾನು ಛತ್ರಿ ಮರೆತದ್ದಕ್ಕೆ ಬೈದು, ನನ್ನ ಮುರುಕು ಭಾಷೆಯನ್ನು ತಿದ್ದುತ್ತ ಕೂತಿರುತ್ತಿತ್ತಲ್ಲ ಎಂದು ಒಳಗೊಳಗೇ ಕೈ ಮುಗಿದೆ. ಹಾಗೆಂದು ನಮ್ಮಿಬ್ಬರಿಗೆ ಜಗಳ ಇರಲಿಲ್ಲ ಎಂದೇನಲ್ಲ. ನಾನು ಪಾತ್ರೆ ತೊಳೆದರೆ ಅವರು ಮತ್ತೆ ತೊಳೆಯುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವರೂ, ನಾನೂ.

ರಸ್ತೆಯ ಆಚೆ ಬದಿಯ ಕಟ್ಟಡದಲ್ಲಿ, ನೆಲಮಹಡಿಯಲ್ಲಿ, ಅಕ್ಕನ ತಂಗಿ ಇದ್ದರು. ಸಣ್ಣ ಮೈಯಿನ, ಸಣ್ಣ ದನಿಯ ವಿಧವೆ. ಸಡಿಲ ಬಟ್ಟೆ ಬಿಗಿಮಾಡಿ ಕೊಡುವುದು, ಗುಂಡಿ ಹೊಲಿಯುವುದು ಅವರ ಕೆಲಸ. ಅವರಿಗೆ ಹೃದಯದ ತೊಂದರೆ. ಡಾಕ್ಟರು ಮೆಟ್ಟಿಲು ಹತ್ತಬಾರದು ಎಂದಿದ್ದರು. ಅಕ್ಕನಿಗೆ ಇಳಿಯಲಾಗದು, ತಂಗಿಗೆ ಹತ್ತಲಾಗದು. ದೇವರು ಕೂತು ಲೆಕ್ಕ ಹಾಕಿ ಮಾಡಿದ ಹಾಗಿತ್ತು. ಸಂಜೆ ಅಕ್ಕ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ತಂಗಿ ಹೊಲಿಗೆ ಯಂತ್ರ ಬಿಟ್ಟು ಬಾಗಿಲಿಗೆ ಬಂದು ತಲೆ ಎತ್ತುತ್ತಿದ್ದರು. ಇಬ್ಬರೂ ಕೈಯಲ್ಲಿದ್ದ ಟೀ ಲೋಟ ಎತ್ತಿ ತೋರಿಸಿಕೊಳ್ಳುತ್ತಿದ್ದರು. ಮಾತಿಗೆ ಫೋನು ಇತ್ತು. ಆ ಫೋನಿನಲ್ಲಿ ಅಕ್ಕನದೇ ಮಾತು. ಆ ಬಣ್ಣದ ಪರದೆ ಹಾಕಬೇಡ, ಆ ಗಿರಾಕಿಯನ್ನು ನಂಬಬೇಡ, ಮಾತ್ರೆ ನುಂಗಿದೆಯಾ. ತಂಗಿ ಹೂಂ ಅನ್ನುತ್ತಿದ್ದರು. ತಂಗಿಗೆ ಗಂಡು ನೋಡಿದ್ದು, ಅಂಗಡಿ ಇಡಿಸಿದ್ದು, ಅವರ ಮಗನಿಗೆ ಶಾಲೆ ಆರಿಸಿದ್ದು ಎಲ್ಲ ಅಕ್ಕನೇ.

ಆ ಮಗ ಈಗ ರೈಲಿನಲ್ಲಿ ಇಡೀ ಹಗಲು ಹೋಗಬೇಕಾದಷ್ಟು ದೂರದ ಊರಲ್ಲಿ ಸಂಸಾರಸ್ಥ. ಚಳಿ ಕಳೆಯುತ್ತಿದ್ದ ಹಾಗೆ ಒಂದು ದಿನ ತಂಗಿ ಫೋನು ಮಾಡಿ, ಮನೆ ಖಾಲಿ ಮಾಡಿ ಮಗನ ಹತ್ತಿರ ಹೋಗುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದರು. ಅಕ್ಕ ಫೋನನ್ನು ಇಟ್ಟ ರೀತಿಗೆ ಟೀ ಲೋಟ ನಡುಗಿತು. ಅವಳಿಗೆ ಬಾಯಿಲ್ಲ, ಮಗ ಎಳೆದ ಕಡೆ ಹೊರಟಿದ್ದಾಳೆ, ಹೋಗಲಿ ಎಂದು ಕಿಟಕಿಯ ಪರದೆ ಎಳೆದುಬಿಟ್ಟರು. ಮರುದಿನ ಫೋನು ಬಂದರೆ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ಸಂಜೆ ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ತಂಗಿ ಬಾಗಿಲಲ್ಲಿ ಲೋಟ ಹಿಡಿದು, ಕತ್ತು ಮೇಲೆತ್ತಿ, ಬಹಳ ಹೊತ್ತು ನಿಂತಿದ್ದು ಒಳಗೆ ಹೋಗುತ್ತಿದ್ದರು.

ಒಂಟೆ ಬಂದು ಅಕ್ಕನ ಮುಂದೆ ತಲೆ ಕೆರೆದುಕೊಂಡ. ತಂಗಿಯವರ ಸಾಮಾನು ಸಾಗಿಸುವುದು ತಮ್ಮ ಕಂಪನಿಯೇ, ಶನಿವಾರ ಬೆಳಿಗ್ಗೆ. ಅಕ್ಕ ಒಪ್ಪಿದರೆ ಅದೇ ದಿನ ತಾನೂ ಗಿಡ್ಡಣ್ಣನೂ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆ, ಒಂದು ಗಳಿಗೆ ತಂಗಿಯನ್ನು ನೋಡಿ ಬರಲಿ ಎಂದ. ಇದನ್ನು ಅವನು ಹಿಂದೆಯೂ ಎಷ್ಟೋ ಸಲ ಕೇಳಿದ್ದನಂತೆ. ಅಕ್ಕ ಬೇಡ ಅಂದರು. ಒಂಟೆ ಹೋದ ಮೇಲೆ ನಾನು, ನಮ್ಮ ಕಡೆ ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಅಂತಾರೆ, ಇಷ್ಟು ವರ್ಷ ಹೊತ್ತವರು ಒಂದು ದಿನ ಏರಿದರೆ ಏನು ತಪ್ಪು ಎಂದು ಮುರುಕು ಭಾಷೆಗೆ ಕೈಸನ್ನೆ ಸೇರಿಸಿ ಕೆಣಕಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅಕ್ಕ ತಮ್ಮ ಅಗಲ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟು ನೋಡಿಕೊಂಡರು.

"ಬೀರುಗೆ ಭಯ ಇರಲ್ಲ. ಪಿಯಾನೊಗೂ ಇರಲ್ಲ. ಅದಕ್ಕೇ ಹೊರೋಕಾಯ್ತು," ಎಂದರು. "ನನಗೆ ಭಯ ಇದೆ. ಆ ಮೆಟ್ಟಿಲು ಏನು ಮಾಡುತ್ತೆ ಅಂತ ನನಗೆ ಗೊತ್ತು ಕಣಮ್ಮ. ಕೆಳಗೆ ಬೇರೆ ಯಾರೋ ನಿಂತಿರೋವಾಗ ನಾನು ಮೇಲೆ ಸುಮ್ನೆ ಕೂರಲಾರೆ."

ಪಿಯಾನೊವನ್ನು ಸೊಂಟದಲ್ಲಿ ತಡೆದ ಹೆಂಗಸಿನ ಬಾಯಲ್ಲಿ ಭಯ ಎನ್ನುವ ಪದ ಬಂದದ್ದಕ್ಕೆ ನಾನು ದಂಗಾದೆ. ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಶನಿವಾರ ಬೆಳಿಗ್ಗೆ ಲಾರಿ ಬಂತು. ಪರದೆ ಮುಚ್ಚಿದ್ದರೂ ಸದ್ದು ಮೇಲಕ್ಕೆ ಬರುತ್ತಿತ್ತು. ಅಕ್ಕ ಕಿಟಕಿಗೆ ಬೆನ್ನು ಹಾಕಿ ಕೂತು ಬರೇ ಸದ್ದಿನಲ್ಲೇ ಎಲ್ಲ ಹೇಳುತ್ತಿದ್ದರು: ಇದು ಮಂಚ, ಇದು ಅಮ್ಮನ ಪೆಟ್ಟಿಗೆ. ಆಮೇಲೆ ಒಂದು ಕಬ್ಬಿಣದ ಸದ್ದು ಕೇಳಿ ಸುಮ್ಮನಾದರು. ಅದು ಹೊಲಿಗೆ ಯಂತ್ರ. ಅದನ್ನು ಕೊಡಿಸಿದ್ದು ಅವರೇ. ಆದರೂ ಅಕ್ಕ ಕುರ್ಚಿಯ ಕೈ ಬಿಡಲೊಲ್ಲರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕೋಪ ಬಂದಾಗ ಬೇರೆಯವರ ಭಾಷೆ ಎಲ್ಲಿ ನೆನಪಿಗೆ ಬರುತ್ತದೆ? ಅಚ್ಚ ಕನ್ನಡದಲ್ಲೇ ಶುರು ಮಾಡಿದೆ. ಏನ್ರೀ ನಿಮ್ಮ ಹಠ, ಒಡಹುಟ್ಟಿದವಳು ಹೊರಟು ನಿಂತಿದ್ದಾಳೆ, ನಾಳೆ ಆ ಬಾಗಿಲಲ್ಲಿ ಲೋಟ ಎತ್ತುವುದಕ್ಕೆ ಯಾರೂ ಇರುವುದಿಲ್ಲ, ಆಮೇಲೆ ಈ ಪರದೆಯನ್ನು ತಬ್ಬಿಕೊಂಡು ಅಳ್ತೀರಾ, ಊರಿನ ಭಾರವೆಲ್ಲ ಹೊತ್ತು ಸ್ವಂತ ತಂಗಿಯ ಮುಂದೆ ಹೀಗೆ ಬಂಡೆಯಾಗಿ ಕೂರೋದಾ, ನಾನು ನನ್ನ ತಂಗಿಯನ್ನು ನೋಡಬೇಕೆಂದರೆ ಸಮುದ್ರ ದಾಟಬೇಕು, ನಿಮಗೆ ಇರುವುದು ಒಂದು ರಸ್ತೆ. ಹೀಗೆ ಉಸಿರು ಕಟ್ಟುವ ತನಕ ಬೈದೆ. ಬೈಯುತ್ತ ನಾನೇ ಅತ್ತುಬಿಟ್ಟೆ.

ಅಕ್ಕ ಒಂದಕ್ಷರ ತಿಳಿಯದಿದ್ದರೂ ಕೊನೆಯ ತನಕ ಕೇಳಿದರು.

"ಈಗ ಅದನ್ನೇ ನನ್ನ ಭಾಷೇಲಿ ಹೇಳು," ಎಂದರು.

ನನಗೆ ಬರುತ್ತಿದ್ದ ಭಾಷೆಯಲ್ಲಿ ಅದೆಲ್ಲ ಹಿಡಿಸುವುದುಂಟೆ? ಹುಡುಕಿ ಹುಡುಕಿ ಇಷ್ಟೇ ಸಿಕ್ಕಿತು. "ತಂಗಿ ಹೋಗ್ತಾಳೆ. ನೀವು ಹೋಗಿ."

ಅಕ್ಕ ನನ್ನನ್ನು ನೋಡಿದರು. ಅದಕ್ಕಿಂತ ಉದ್ದ ಇತ್ತಲ್ಲ ಎಂದು ಸಣ್ಣಗೆ ನಕ್ಕರು. ಆಮೇಲೆ ಬಾಗಿಲ ಹಿಂದಿನ ಮೊಳೆಯಲ್ಲಿದ್ದ ತೊಗಲಿನ ಪಟ್ಟಿ ತರಲು ಹೇಳಿ, ಆ ಇಬ್ಬರನ್ನೂ ಕರೆ ಎಂದರು.

ಒಂಟೆಯೂ ಗಿಡ್ಡಣ್ಣನೂ ಓಡಿ ಬಂದರು. ಅಡುಗೆಮನೆಯ ಗಟ್ಟಿ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಅವರದೇ ಪಟ್ಟಿಯಿಂದ ಬಿಗಿದರು. ಗಂಟನ್ನು ಅಕ್ಕ ತಾವೇ ಎಳೆದು ನೋಡಿ, ಬಿಚ್ಚಿಸಿ ಮತ್ತೆ ಹಾಕಿಸಿದರು. ಗಿಡ್ಡಣ್ಣ ಹಿಂದಿನಿಂದ ಕುರ್ಚಿಯ ಬೆನ್ನು ಹಿಡಿದ. ಒಂಟೆ ಒಂದು ಮೆಟ್ಟಿಲು ಇಳಿದು ನಿಂತು, ಮುಂದಿನ ಕಾಲುಗಳನ್ನು ಹಿಡಿದು, ಅಕ್ಕನ ಮುಖಕ್ಕೆ ಮುಖ ಕೊಟ್ಟ. ಕೆಳಗಿನ ಜಾಗ ಅವನದು, ಕಟ್ಟಳೆಯಂತೆ ಅವನೇ ಮಾತು ಹಿಡಿಯಬೇಕು. ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ. ಆ ಎತ್ತರದ ಗಂಡಸಿನ ತುಟಿ ಎಳೆ ಮಗುವಿನ ಹಾಗೆ ನಡುಗುತ್ತಿತ್ತು.

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಮಾತು ನಂದು," ಎಂದರು.

ಒಂಟೆ ಗಿಡ್ಡಣ್ಣನನ್ನು ನೋಡಿದ. ಹೊರಿಸಿಕೊಂಡ ಭಾರವೇ ಮಾತು ನಂದು ಎಂದದ್ದು ಆ ಕಸುಬು ಹುಟ್ಟಿದ ಮೇಲೆ ಇದೇ ಮೊದಲಿರಬೇಕು. ಅಕ್ಕ ಕಾದರು. ಕೊನೆಗೆ ಒಂಟೆ, "ನಿಮ್ಮದು ಅಕ್ಕ," ಎಂದ. ಹಿಂದಿನಿಂದ ಗಿಡ್ಡಣ್ಣನೂ, "ನಿಮ್ಮದು," ಎಂದ.

"ಎತ್ತು. ನಡಿ."

ಅವರು ಇಳಿದ ಬಗೆಯನ್ನು ನಾನು ಹೇಗೆ ಹೇಳಲಿ! ಹಿಂದೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಾನು ಇಳಿಯುತ್ತಿದ್ದೆ. ಅಕ್ಕ ಪ್ರತಿ ಮೆಟ್ಟಿಲಿಗೂ ಒಂದು ಪದ ಹೇಳುತ್ತಿದ್ದರು. ಈ ಮೆಟ್ಟಿಲ ಅಂಚು ಸವೆದಿದೆ, ಹಿಮ್ಮಡಿ ಇಡು. ಇಲ್ಲಿ ಗೋಡೆ ಉಬ್ಬಿದೆ, ಓರೆ. ಎರಡು ವರ್ಷ ಇಳಿಯದ ಮೆಟ್ಟಿಲು ಅವರಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಭಯ ಇತ್ತು, ಕುರ್ಚಿಯ ಕೈ ಹಿಡಿದ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ದನಿಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ. ಮಹಡಿ ಮಹಡಿಯಲ್ಲೂ ಬಾಗಿಲು ತೆರೆದವು. ನೆರೆಯವರು ಹೊರಗೆ ಬಂದು ಅಲ್ಲಲ್ಲೇ ನಿಂತರು. ಯಾರೂ ಒಂದು ಸೊಲ್ಲೆತ್ತಲಿಲ್ಲ. ನಮ್ಮ ಮನೆಯಾಗಿದ್ದರೆ ಈ ಹೊತ್ತಿಗೆ ಸಂತೆಯಾಗಿರುತ್ತಿತ್ತು.

ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ವಾಲಿತು. ಅಕ್ಕನ ಮೊಣಕಾಲು ಗೋಡೆಯ ಕಡೆಗೆ ಹೋಯಿತು. ನನ್ನ ಗಂಟಲಿಗೆ ಕೂಗು ಬಂದೇಬಿಟ್ಟಿತ್ತು, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದೆ. ಗಿಡ್ಡಣ್ಣ ಅಭ್ಯಾಸಬಲದಿಂದ ಬೆರಳಲ್ಲಿ ತಟ್ಟಿದ. ತಟ್ಟಿದ್ದು ಕುರ್ಚಿಯನ್ನಲ್ಲ, ಅಕ್ಕನ ಭುಜವನ್ನು.

"ಕಂಡಿದೆ. ನನಗೂ ಕಣ್ಣಿದೆ," ಎಂದರು ಅಕ್ಕ. "ನಿಲ್ಲಿ. ಇಬ್ರೂ ಉಸಿರು ಬಿಡಿ. ಒಂಟೆ, ನನ್ನ ಮುಖ ನೋಡು, ಕೆಳಗೆ ನೋಡಬೇಡ. ನಾನು ನೋಡ್ತಿದೀನಿ. ಈಗ ಎಡಕ್ಕೆ."

ಒಂಟೆ ಅವರ ಮುಖದಿಂದ ಕಣ್ಣು ಕೀಳದೆ ಹಿಂದಕ್ಕೆ ಹೆಜ್ಜೆ ಇಡುತ್ತ ಇಳಿದ. ಕೆಳಗಿನ ಬಾಗಿಲು ಬಂತು. ಹೊರಗಿನ ಬೆಳಕು ಅಕ್ಕನ ಮುಖದ ಮೇಲೆ ಬಿತ್ತು. ಅವರು ಕಣ್ಣು ಕಿರಿದು ಮಾಡಿ, ರಸ್ತೆಯ ವಾಸನೆಯನ್ನು ಒಳಗೆಳೆದುಕೊಂಡರು. ನಾನು ದೇವಸ್ಥಾನದಲ್ಲೂ ಅಷ್ಟು ಭಕ್ತಿಯಿಂದ ನಿಂತವಳಲ್ಲ.

ರಸ್ತೆಯ ಆಚೆ ತಂಗಿ ಬರಿದಾದ ಮನೆಯ ಬಾಗಿಲಲ್ಲಿ, ಕೋಟು ಹಾಕಿಕೊಂಡು, ಕೈಚೀಲ ಹಿಡಿದು ನಿಂತಿದ್ದರು. ಅಕ್ಕನನ್ನು ಕಂಡದ್ದೇ, ಚೀಲ ಅವರ ಕೈಯಿಂದ ಜಾರಿತು. ರಸ್ತೆ ದಾಟಿಸಿ ಕುರ್ಚಿಯನ್ನು ಅವರ ಮುಂದೆಯೇ ಇಳಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ಕಿಟಕಿಯಿಂದ ಕಾಣದ ಎಷ್ಟೋ ಸುಕ್ಕು, ಎಷ್ಟೋ ಬಿಳಿಗೂದಲು ಈಗ ಎದುರಿಗಿತ್ತು.

"ಸೊರಗಿದೀಯ," ಎಂದರು ಅಕ್ಕ.

"ನೀನು ಊದಿದೀಯ," ಎಂದರು ತಂಗಿ. ಆಮೇಲೆ ಬಗ್ಗಿ ಅಕ್ಕನ ಕುತ್ತಿಗೆಗೆ ಮುಖ ಒತ್ತಿದರು. ಅಕ್ಕನ ಆ ದೊಡ್ಡ ಕೈಗಳು ಬೆನ್ನ ಮೇಲೆ ಬಂದವು. ಇಷ್ಟು ದಿನ ಹಠಮಾಡಿ ತಡೆದದ್ದೆಲ್ಲ ಅಕ್ಕನ ಕಣ್ಣಿಂದ ಸುರಿಯಿತು. ಒಂಟೆ ಲಾರಿಯ ಆ ಬದಿಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ಅಕ್ಕ ಸುಧಾರಿಸಿಕೊಂಡ ಮೇಲೆ ಹಳೇ ದನಿಯಲ್ಲಿ, ಮಗ ಕರೆದ ಅಂತ ಹೊರಟುಬಿಡೋದಾ, ಒಂದು ಮಾತು ನನ್ನ ಕೇಳೋದಲ್ವಾ, ನಾನೇ ಅವನ ಹತ್ತಿರ ಮಾತಾಡ್ತೀನಿ ಎಂದು ಶುರು ಮಾಡಿದರು. ತಂಗಿ ಅವರ ಕೈ ಹಿಡಿದರು.

"ಅವನು ಕರೀಲಿಲ್ಲ ಅಕ್ಕ. ನಾನೇ ಬರ್ತೀನಿ ಅಂದೆ," ಎಂದರು. "ಮೊಮ್ಮಕ್ಕಳು ಬೆಳೀತಿದಾವೆ. ಅವಕ್ಕೆ ನನ್ನ ಮುಖ ಗೊತ್ತಿಲ್ಲ. ನನ್ನ ಎದೆ ಎಷ್ಟು ದಿನ ಹೊಡ್ಕೊಳುತ್ತೋ. ಇರೋಷ್ಟು ದಿನ ಅಲ್ಲಿರಬೇಕು ಅಂತ ನನಗೇ ಆಸೆ. ನಿನಗೆ ಹೇಳೋಕೆ ಭಯ ಆಯ್ತು, ಅದಕ್ಕೇ ಎಲ್ಲಾ ನಿಕ್ಕಿಯಾದ ಮೇಲೆ ಹೇಳಿದೆ."

ಆ ಸಣ್ಣ ದನಿಯಲ್ಲಿ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದನ್ನು ಅಕ್ಕನೂ ಎಂದೂ ಕೇಳಿರಲಿಲ್ಲವೇನೋ. ತಂಗಿಯ ಕೋಟಿನ ಮೇಲಿನ ಗುಂಡಿ ಬಿಚ್ಚಿತ್ತು. ಅದನ್ನು ಹಾಕಿ, ಕಾಲರು ಸರಿಮಾಡಿದರು.

ಗಿಡ್ಡಣ್ಣ ತಂಗಿಯನ್ನು ಲಾರಿಯ ಮುಂದಿನ ಸೀಟಿಗೆ ಹತ್ತಿಸಿದ. ಅಲ್ಲಿಂದ ರೈಲು ನಿಲ್ದಾಣಕ್ಕೆ. ಅಕ್ಕನನ್ನು ಮತ್ತೆ ಮೇಲೆ ಹತ್ತಿಸಲು ಒಂಟೆಯೂ ಗಿಡ್ಡಣ್ಣನೂ ಇಲ್ಲೇ ಉಳಿಯುವವರು. ಒಂಟೆ ಲಾರಿಯ ಹಿಂದೆ ನಿಂತು ಕೈ ಎತ್ತಿದ. ಅವನು ಲಾರಿಯ ಮೈಗೆ ತಟ್ಟಿದರೆ ಡ್ರೈವರು ಹೊರಡಬೇಕು. ಆದರೆ ಅವನು ತಟ್ಟಲಿಲ್ಲ. ಅಕ್ಕನ ಮುಖ ನೋಡುತ್ತ ನಿಂತ. ಗಿಡ್ಡಣ್ಣನೂ ನೋಡಿದ. ಡ್ರೈವರು ಕನ್ನಡಿಯಲ್ಲಿ ನೋಡಿದ. ಅಕ್ಕ ಹೇಳದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವಂತಿರಲಿಲ್ಲ. ಅಕ್ಕ ಹೇಳಲಿಲ್ಲ. ಹೇಳಲು ಅವರಿಂದ ಆಗುತ್ತಿಲ್ಲ ಎಂದು ನನಗೆ ಕಂಡಿತು.

ತಂಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊರಡೋಣ ಎಂದು ಮೆಲ್ಲಗೆ ಅಂದರು. ಒಂಟೆಯ ಕೈ ಗಾಳಿಯಲ್ಲೇ ಇತ್ತು. ಅವನು ಅಕ್ಕನಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಮುಖ ಏನು ನೋಡ್ತೀಯ?" ಎಂದರು ಅಕ್ಕ. ದನಿ ಒಡೆದಿತ್ತು, ಆದರೂ ರಸ್ತೆಗೆಲ್ಲ ಕೇಳಿಸಿತು. "ಮಾತು ಅವಳದು."

ಒಂಟೆ ತಂಗಿಯ ಕಡೆ ತಿರುಗಿ, "ನಿಮ್ಮದು," ಎಂದ.

ತಂಗಿ ಅಕ್ಕನನ್ನು ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ, ಬೆನ್ನು ನೆಟ್ಟಗೆ ಮಾಡಿಕೊಂಡು, "ನಡಿ," ಎಂದರು.

ಲಾರಿ ರಸ್ತೆಯ ಕೊನೆಯಲ್ಲಿ ತಿರುಗಿ ಮರೆಯಾಗುವ ತನಕ ಅಕ್ಕ ಅತ್ತಲೇ ನೋಡುತ್ತಿದ್ದರು. ನಾನು ಅವರ ಕುರ್ಚಿಯ ಪಕ್ಕದಲ್ಲಿ, ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅವರು ಸೆರಗಿಲ್ಲದ ಆ ಊರಲ್ಲಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಚೆನ್ನಾಗಿ ಹೇಳಿದ್ಲು," ಎಂದರು.